ಗುಮ್ಮಟದ ಕೆಳಗಿನ ಲೆಕ್ಕ

ನಮ್ಮ ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳಿವೆ. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಲೆಕ್ಕದ ಅಕ್ಕೋರು ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿ, "ಕೆಳಗ ನಾಲ್ಕು ಮೂಲಿ, ಮ್ಯಾಲ ದುಂಡು. ನಡುವ ಏನಾತು ಹೇಳ್ರಿ?" ಎಂದು ಕೇಳಿದ್ದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಚೌಕದ ಮೂಲೆಗಳಿಗೆ ಅಡ್ಡಲಾಗಿ ಕಮಾನು ಕಟ್ಟಿದರೆ ನಾಲ್ಕು ಎಂಟಾಗುತ್ತದೆ, ಎಂಟು ಹದಿನಾರಾದರೆ ದುಂಡಿಗೆ ಇನ್ನಷ್ಟು ಹತ್ತಿರ ಎಂದು ಅವರೇ ತಿಳಿಸಿಕೊಟ್ಟರು. ೧೬೫೬ರ ಬಿಜಾಪುರದ ಗೋಲಗುಮ್ಮಟವೂ ಒಂದಕ್ಕೊಂದು ಹೆಣೆದುಕೊಂಡ ಎಂಟು ಕಮಾನುಗಳ ಮೇಲೆಯೇ ನಿಂತಿದೆ.

ಅಕ್ಕೋರು ಬೆಳಗಾವಿಯ ಕ್ರೈಸ್ತ ಮನೆತನದವರು. ಲಂಡನ್ ಮಿಷನ್ ಅಲ್ಲಿಗೆ ಬಂದದ್ದು ೧೮೨೦ರಲ್ಲಿ. ಆದರೆ ಶಾಲೆಯಲ್ಲಿ ಅವರು ಲೆಕ್ಕ ಬಿಟ್ಟು ದೇವರ ಮಾತೆತ್ತಿದ್ದು ನನಗೆ ನೆನಪಿಲ್ಲ.

ಆ ಮಾತನ್ನು ಎತ್ತಿದವಳು ನಾನು. ಎಷ್ಟೋ ವರ್ಷಗಳ ಮೇಲೆ, ಎರಡು ವರ್ಷದ ನನ್ನ ಚೊಚ್ಚಲ ಮಗು ಜ್ವರದಲ್ಲಿ ಹೋಯಿತು. ಬಂದವರಲ್ಲಿ ಕೆಲವರು "ಹಿಂದಿನ ಜನ್ಮದ ಲೆಕ್ಕ ಚುಕ್ತಾ ಆತು" ಎಂದರು. ಕೆಲವರು "ಸಣ್ಣಾಕಿ ಅದಿ, ಇನ್ನೊಂದು ಆಗ್ತೈತಿ ಬಿಡು" ಎಂದರು. ಅಕ್ಕೋರು ಏನೂ ಅನ್ನದೆ ನನ್ನ ಕೈ ಹಿಡಿದು ಕುಳಿತರು. ನಾನೇ ಸಿಟ್ಟಿನಿಂದ, "ನಿಮ್ಮ ದೇವ್ರ ಲೆಕ್ಕದಾಗ ಇದಕ್ಕೇನು ಉತ್ತರ ಐತ್ರಿ ಅಕ್ಕೋರ?" ಎಂದೆ.

"ಗುಮ್ಮಟ ನೆನಪೈತೇನವ್ವಾ? ಎಷ್ಟು ಮೂಲಿ ಮಾಡಿದ್ರೂ ಅದು ಖರೇ ದುಂಡು ಆಗೂದಿಲ್ಲ. ನಮ್ಮ ತಿಳುವಳಿಕಿನೂ ಅಷ್ಟ. ಉತ್ತರ ಗೊತ್ತೈತಿ ಅನ್ನಾವ್ರನ್ನ ನಂಬಬ್ಯಾಡ. ನಮ್ಮ ಚರ್ಚಿನವ್ರು ಅಂದ್ರೂ ನಂಬಬ್ಯಾಡ."

ಅದು ಅವರದೇ ಮಾತೆಂದುಕೊಂಡಿದ್ದೆ. ಆಮೇಲೆ ಓದುತ್ತ ಹೋದಾಗ ಅದರ ಬೇರು ಸಿಕ್ಕಿತು. ಜರ್ಮನಿಯ ಮೋಸೆಲ್ ನದಿಯ ದಂಡೆಯ ಕೂಸಾ ಎಂಬ ಊರಲ್ಲಿ ೧೪೦೧ರಲ್ಲಿ ಹುಟ್ಟಿದ ನಿಕೊಲಾಸ್, ಮುಂದೆ ಕಾರ್ಡಿನಲ್ ಆದವನು, ೧೪೪೦ರಲ್ಲಿ ಒಂದು ಲ್ಯಾಟಿನ್ ಗ್ರಂಥ ಬರೆದ. ತನಗೆ ತಿಳಿಯದೆಂಬುದನ್ನು ತಿಳಿದುಕೊಳ್ಳುವುದೇ ಜ್ಞಾನ ಎಂಬುದು ಅದರ ತಿರುಳು. ವೃತ್ತದೊಳಗೆ ಬರೆದ ಬಹುಭುಜಕ್ಕೆ ಕೋನಗಳನ್ನು ಹೆಚ್ಚಿಸಿದಷ್ಟೂ ಅದು ವೃತ್ತವನ್ನು ಹೋಲುತ್ತದೆ, ಆದರೆ ವೃತ್ತವಾಗುವುದಿಲ್ಲ. ಮನುಷ್ಯನ ಬುದ್ಧಿಗೂ ಸತ್ಯಕ್ಕೂ ಇರುವ ಸಂಬಂಧ ಇಂಥದೇ ಎಂದು ಅವನು ವಾದಿಸಿದ.

ನಮ್ಮ ಕಡೆಯೂ ಇಂಥ ಹೋಲಿಕೆಗಳಿವೆ. 'ಲೀಲಾವತಿ'ಯ ಭಾಸ್ಕರಾಚಾರ್ಯ ಹುಟ್ಟಿದ್ದು ೧೧೧೪ರಲ್ಲಿ. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಬರುವ ರಾಶಿಯನ್ನು ಅವನು 'ಖಹರ' ಎಂದು ಕರೆದ. ಅದಕ್ಕೆ ಎಷ್ಟು ಕೂಡಿಸಿದರೂ ಎಷ್ಟು ಕಳೆದರೂ ಅದು ಬದಲಾಗದು. ಸೃಷ್ಟಿಯಲ್ಲಿ ಜೀವಿಗಳು ಹೊರಬಂದರೂ ಪ್ರಳಯದಲ್ಲಿ ಒಳಸೇರಿದರೂ ಅಚ್ಯುತನಾದ ಅನಂತನು ಬದಲಾಗದಂತೆ, ಎಂದು ತನ್ನ 'ಬೀಜಗಣಿತ'ದಲ್ಲಿ ಹೇಳಿದ.

ಎಂಥ ದೊಡ್ಡ ಮಾತು! ಆದರೂ ಓದಿದ ದಿನ ನನಗೆ ಅಳು ಬಂತು. ಅನಂತದಲ್ಲಿ ಒಂದು ಕಳೆದರೆ ಕಡಿಮೆಯಾಗುವುದೇನೂ ಇಲ್ಲ. ನನ್ನ ತೊಟ್ಟಿಲಲ್ಲಿ ಕಳೆದದ್ದು ಒಂದೇ, ಉಳಿದದ್ದು ಏನೂ ಇರಲಿಲ್ಲ.

ಅಕ್ಕೋರಿಗೆ ಇದನ್ನು ಹೇಳಿದೆ. ಅವರು ಯೇಸು ಹೇಳಿದ ಕಥೆಯೊಂದನ್ನು ನೆನೆದರು. ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡರೆ ಕುರುಬನು ತೊಂಬತ್ತೊಂಬತ್ತನ್ನೂ ಬಿಟ್ಟು ಆ ಒಂದನ್ನು ಹುಡುಕುತ್ತ ಹೋಗುತ್ತಾನೆ. "ಪರೀಕ್ಷಾದಾಗ ಹಿಂಗ ಬರದ್ರ ನಾನ ಸೊನ್ನಿ ಕೊಡ್ತಿದ್ದೆ. ಆದ್ರ ಅವ್ವಿಗೆ ಗೊತ್ತಿರೂ ಲೆಕ್ಕ ಇದ. ಇನ್ನೊಂದು ಆದ್ರ ಇನ್ನೊಂದು, ಹ್ವಾದದ್ದು ಹ್ವಾದದ್ದ" ಎಂದರು.

ಮುಂದೆ ನನಗೆ ಇಬ್ಬರು ಮಕ್ಕಳಾದರು. ಎಷ್ಟು ಮಕ್ಕಳು ಎಂದು ಯಾರಾದರೂ ಕೇಳಿದರೆ ಇಂದಿಗೂ ಮೂವರು ಎನ್ನುತ್ತೇನೆ. ನಾನು ಧರ್ಮ ಬದಲಿಸಲಿಲ್ಲ, ಅಕ್ಕೋರು ಬದಲಿಸೆಂದು ಹೇಳಲೂ ಇಲ್ಲ. ಹೋಲಿಕೆಗಳೂ ಬಹುಭುಜಗಳೇ ಅಲ್ಲವೆ? ಒಂದೊಂದೂ ಒಂದೊಂದು ಮೂಲೆ ಕೂಡಿಸುತ್ತದೆ, ಅಷ್ಟೇ. ಗುಮ್ಮಟದ ಮುಂದೆ ಹಾದುಹೋಗುವಾಗ ಈಗಲೂ ತಲೆಯೆತ್ತಿ ನೋಡುತ್ತೇನೆ.