ಬೆರಳಿನ ಮೇಲಿನ ಗೆರೆ: ‘ಒಬ್ಬರಿಗೆ ಒಂದೇ ಮತ’ ತತ್ತ್ವದ ಚಾರಿತ್ರಿಕ ಹಿನ್ನೆಲೆ

ಒಬ್ಬನೇ ವ್ಯಕ್ತಿ ಎರಡು ಸಲ ಮತ ಚಲಾಯಿಸುವುದು ಅಪರಾಧವೆಂಬ ತಿಳಿವಳಿಕೆ ಇಂದು ಸಹಜವಾಗಿದೆ. ಆದರೆ ಚರಿತ್ರೆಯಲ್ಲಿ ಅದು ತಡವಾಗಿ ಬೆಳೆದ ತಿಳಿವಳಿಕೆ. ಬ್ರಿಟನ್ನಿನಲ್ಲಿ ವ್ಯಾಪಾರದ ಸ್ಥಳ ಉಳ್ಳವರಿಗೂ ವಿಶ್ವವಿದ್ಯಾಲಯದ ಪದವೀಧರರಿಗೂ ಇದ್ದ ಎರಡನೆಯ ಮತವು ರದ್ದಾದದ್ದು 1948ರ ಶಾಸನದಿಂದ. ವಸಾಹತು ಭಾರತದಲ್ಲಿ 1935ರ ಕಾಯಿದೆಯು ಸಾಮಾನ್ಯ ಕ್ಷೇತ್ರಗಳ ಜೊತೆಗೆ ಭೂಮಾಲೀಕರು, ವಾಣಿಜ್ಯೋದ್ಯಮಿಗಳು, ವಿಶ್ವವಿದ್ಯಾಲಯಗಳು ಮೊದಲಾದವಕ್ಕೆ ವಿಶೇಷ ಕ್ಷೇತ್ರಗಳನ್ನು ಕಲ್ಪಿಸಿತ್ತು. ಅಂದರೆ ಉಳ್ಳವನ ಎರಡನೆಯ ಮತ ಆಗ ವಂಚನೆಯಾಗಿರಲಿಲ್ಲ. ಕಾನೂನೇ ಮನ್ನಿಸಿದ ಹಕ್ಕಾಗಿತ್ತು.

ಭಾರತದ ಸಂವಿಧಾನವು ಈ ವ್ಯವಸ್ಥೆಯನ್ನು ಬುಡಸಹಿತ ಕಿತ್ತುಹಾಕಿತು. 325ನೆಯ ವಿಧಿಯು ಪ್ರತಿ ಕ್ಷೇತ್ರಕ್ಕೂ ಒಂದೇ ಸಾಮಾನ್ಯ ಮತದಾರರ ಪಟ್ಟಿಯನ್ನು ವಿಧಿಸಿತು. 326ನೆಯ ವಿಧಿಯು ವಯಸ್ಕ ಮತಾಧಿಕಾರವನ್ನು ನೀಡಿತು. ಮತಗಳೆಲ್ಲ ಸಮಾನವಾದ ಮೇಲೆಯೇ ‘ಎರಡನೆಯ ಮತ’ ಎಂಬುದು ಇನ್ನೊಬ್ಬರ ಪಾಲಿನ ಅಪಹರಣವಾಗಿ ಕಾಣತೊಡಗಿತು. ಆದುದರಿಂದ ಮರುಮತದಾನವನ್ನು ತಡೆಯುವ ವ್ಯವಸ್ಥೆಗಳ ಇತಿಹಾಸವೆಂದರೆ ಸಮಾನತೆಯನ್ನು ಆಚರಣೆಗೆ ತಂದ ಇತಿಹಾಸವೇ ಆಗಿದೆ.

ಇದರ ಮೊದಲ ಕಾವಲು ಹೆಸರು. 1951-52ರ ಪ್ರಥಮ ಮಹಾಚುನಾವಣೆಗೆ ಸುಮಾರು 17.3 ಕೋಟಿ ಮತದಾರರ ಪಟ್ಟಿ ಸಿದ್ಧವಾಗಬೇಕಿತ್ತು. ಹಲವು ಪ್ರಾಂತ್ಯಗಳಲ್ಲಿ ಸ್ತ್ರೀಯರು ತಮ್ಮ ಹೆಸರನ್ನು ಹೇಳದೆ ‘ಇಂಥವರ ಪತ್ನಿ’, ‘ಇಂಥವರ ಮಗಳು’ ಎಂದೇ ಬರೆಸಿಕೊಂಡರು. ಸ್ವಂತ ಹೆಸರಿಲ್ಲದ ಮತದಾರರನ್ನು ಗುರುತಿಸುವ ಬಗೆ ಹೇಗೆ? ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನ್ ಅವರು ಅಂಥ ನಮೂದುಗಳನ್ನು ಒಪ್ಪಲಿಲ್ಲ. ಪರಿಣಾಮವಾಗಿ ಸುಮಾರು 28 ಲಕ್ಷ ಸ್ತ್ರೀಯರು ಪಟ್ಟಿಯಿಂದ ಹೊರಗುಳಿದರು. ಪಟ್ಟಿಯ ಶುದ್ಧಿಗೆ ತೆರಬೇಕಾಗಿ ಬಂದ ಬೆಲೆ ಇದು. ಮುಂದಿನ ಎಲ್ಲ ಕಾವಲುಗಳ ವಿಷಯದಲ್ಲಿಯೂ ಇದೇ ಪ್ರಶ್ನೆ ಮರುಕಳಿಸುತ್ತದೆ: ಒಬ್ಬ ವಂಚಕನನ್ನು ತಡೆಯುವ ಬಾಗಿಲು ಎಷ್ಟು ಮಂದಿ ನಿಜವಾದ ಮತದಾರರ ಮುಂದೆ ಮುಚ್ಚಿಕೊಳ್ಳಬಹುದು?

ಎರಡನೆಯ ಕಾವಲು ದೇಹದ ಮೇಲಿನದು. ಆ ಮೊದಲ ಚುನಾವಣೆಯಲ್ಲಿಯೇ ಅಳಿಸಲಾಗದ ಶಾಯಿಯ 3,89,816 ಸೀಸೆಗಳು ಬಳಕೆಯಾದವು. 1962ರ ಮಹಾಚುನಾವಣೆಯಿಂದ ಮುಂದೆ, ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸೂತ್ರದಂತೆ ಶಾಯಿಯನ್ನು ತಯಾರಿಸುವ ಹೊಣೆ ಮೈಸೂರಿಗೆ ಬಂದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಆರಂಭವಾದ ಸಂಸ್ಥೆಯೇ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್. ಅರಸೊತ್ತಿಗೆಯ ಕಾಲದ ಉದ್ಯಮವೊಂದು ಪ್ರಜಾಪ್ರಭುತ್ವದ ಗುರುತನ್ನು ದೇಶಕ್ಕೂ ಹಲವು ಹೊರನಾಡುಗಳಿಗೂ ಒದಗಿಸುತ್ತಿರುವುದು ಗಮನಾರ್ಹ.

ಶಾಯಿಯ ಸತ್ವವಿರುವುದು ಸಿಲ್ವರ್ ನೈಟ್ರೇಟಿನಲ್ಲಿ. ಅದು ಚರ್ಮದಲ್ಲಿರುವ ಉಪ್ಪಿನೊಡನೆ ಸೇರಿ, ನೀರಿನಲ್ಲಿ ಕರಗದ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಬೆಳಕು ತಾಗಿದೊಡನೆ ಕಪ್ಪಾಗುತ್ತದೆ. ಚರ್ಮದ ಹೊರಪದರ ಕಳಚಿ ಉಗುರು ಬೆಳೆದ ಬಳಿಕವೇ ಕಲೆ ಮಾಯವಾಗುವುದು. 1961ರ ಚುನಾವಣಾ ನಿಯಮಗಳ ಪ್ರಕಾರ ಅಧಿಕಾರಿಯು ಮೊದಲು ಎಡಗೈ ತೋರುಬೆರಳನ್ನು ಪರೀಕ್ಷಿಸಿ, ಅನಂತರ ಗುರುತು ಹಾಕಬೇಕು. ಬೆರಳನ್ನು ತೋರಿಸಲು ನಿರಾಕರಿಸಿದವರಿಗೆ ಮತವಿಲ್ಲ. ಆ ಬೆರಳು ಇಲ್ಲದವರಿಗೆ ಎಡಗೈಯ ಬೇರೊಂದು ಬೆರಳು, ಅದೂ ಇಲ್ಲದಿದ್ದರೆ ಬಲಗೈ ಬೆರಳು, ಯಾವ ಬೆರಳೂ ಇಲ್ಲದಿದ್ದರೆ ತೋಳಿನ ತುದಿ ಎಂದು ನಿಯಮವು ಕ್ರಮವಾಗಿ ವಿಧಿಸುತ್ತದೆ. ಅಂಗವಿಕಲತೆ ಮತಾಧಿಕಾರಕ್ಕೆ ಅಡ್ಡಿಯಾಗಬಾರದೆಂಬ ಎಚ್ಚರ ಇಲ್ಲಿದೆ.

ಮೂರನೆಯದು ಶಾಸನದ ಕಾವಲು. 1951ರ ಜನಪ್ರಾತಿನಿಧ್ಯ ಕಾಯಿದೆಯ 62ನೆಯ ಪ್ರಕರಣದಂತೆ, ಪಟ್ಟಿಯಲ್ಲಿ ಹೆಸರು ಎರಡು ಕಡೆ ಇದ್ದರೂ ಮತ ಒಂದೇ. ಎರಡು ಸಲ ಚಲಾಯಿಸಿದರೆ ಆತನ ಮತಗಳೆಲ್ಲವೂ ಅಸಿಂಧು. ಮತಗಟ್ಟೆಯಲ್ಲಿರುವ ಅಭ್ಯರ್ಥಿಯ ಏಜೆಂಟನು ಎರಡು ರೂಪಾಯಿ ಠೇವಣಿ ಇಟ್ಟು, ಮತದಾರನ ಗುರುತನ್ನು ಪ್ರಶ್ನಿಸಬಹುದು. ಇನ್ನು, ತನ್ನ ಹೆಸರಿನಲ್ಲಿ ಬೇರೊಬ್ಬರು ಆಗಲೇ ಮತ ಹಾಕಿಹೋಗಿದ್ದರೆ ನಿಜವಾದ ಮತದಾರನನ್ನು ಬರಿಗೈಯಲ್ಲಿ ಹಿಂದಿರುಗಿಸುವಂತಿಲ್ಲ. ಪ್ರಶ್ನೆಗಳಿಗೆ ತೃಪ್ತಿಕರವಾಗಿ ಉತ್ತರಿಸಿದರೆ ಅವನಿಗೆ ಪ್ರತ್ಯೇಕ ಮತಪತ್ರ ದೊರೆಯುತ್ತದೆ. ‘ಟೆಂಡರ್ ಮತ’ವೆಂಬ ಇದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಸಾಮಾನ್ಯ ಎಣಿಕೆಗೆ ಅದು ಸೇರುವುದಿಲ್ಲ. ಆದರೂ ವಿವಾದ ನ್ಯಾಯಾಲಯಕ್ಕೆ ಹೋದಾಗ ಅದು ಸಾಕ್ಷಿಯಾಗಿ ಉಳಿಯುತ್ತದೆ.

ಯಾವ ಕಾವಲೂ ಒಂಟಿಯಾಗಿ ಸಾಲದೆಂಬುದಕ್ಕೆ ಅಫ್ಘಾನಿಸ್ತಾನವು ನಿದರ್ಶನ. 2004ರ ಅಧ್ಯಕ್ಷೀಯ ಚುನಾವಣೆಯಲ್ಲಿ ಕೆಲವು ಮತಗಟ್ಟೆಗಳಲ್ಲಿ ಹಾಕಿದ ಗುರುತು ತೊಳೆದರೆ ಹೋಗುತ್ತಿತ್ತು. ಪ್ರತಿಸ್ಪರ್ಧಿಗಳು ಬಹಿಷ್ಕಾರದ ಮಾತನ್ನಾಡಿದರು. ಹತ್ತು ವರ್ಷಗಳ ಬಳಿಕ, 2014ರಲ್ಲಿ, ಹೆರಾತ್ ಪ್ರಾಂತ್ಯದಲ್ಲಿ ತಾಲಿಬಾನಿಗಳು ಮತ ಹಾಕಿ ಬಂದ ಹನ್ನೊಂದು ಮಂದಿಯ ಶಾಯಿ ಹಚ್ಚಿದ ಬೆರಳನ್ನೇ ಕತ್ತರಿಸಿದರು. ಒಮ್ಮೆ ಶಾಯಿ ನಿಲ್ಲದೆ ಚುನಾವಣೆಯ ವಿಶ್ವಾಸ ಕುಂದಿತು. ಇನ್ನೊಮ್ಮೆ ಶಾಯಿ ನಿಂತದ್ದೇ ಮತದಾರನಿಗೆ ಮುಳುವಾಯಿತು. ಯಾರಿಗೆ ಮತ ಹಾಕಿದನೆಂಬುದನ್ನು ಗೆರೆ ಹೇಳದು. ಮತ ಹಾಕಿದ್ದಾನೆಂಬುದನ್ನು ಮಾತ್ರ ಮರೆಮಾಚದು.

ಮತಗಟ್ಟೆಯಲ್ಲಿ ಮಂತ್ರಿಯ ಬೆರಳಿಗೂ ಕೂಲಿಯವನ ಬೆರಳಿಗೂ ಬೀಳುವುದು ಒಂದೇ ಗೆರೆ. ಹಿಂದೆ ಎರಡು ಮತಗಳ ಹಕ್ಕಿದ್ದ ವರ್ಗದ ಕೈಗೂ, ಒಂದೂ ಇಲ್ಲದಿದ್ದ ವರ್ಗದ ಕೈಗೂ ಅದು ಸಮಾನ ಅಳತೆಯದು. ಕೆಲವು ವಾರಗಳಲ್ಲಿ ಆ ಕಲೆ ಅಳಿಯುತ್ತದೆ; ಅದನ್ನು ಅಗತ್ಯವಾಗಿಸಿದ ತತ್ತ್ವ ಅಳಿಯದಂತೆ ಕಾಯುವುದು ಮಾತ್ರ ಶಾಯಿಯ ಕೆಲಸವಲ್ಲ, ಸಮಾಜದ ಕೆಲಸ.