ಧೃತಿಗೆಡದ ಜನಸ್ತೋಮ

ನವಲಗುಂದದಲ್ಲಿ ಪ್ರತಿವರ್ಷವೂ ಜುಲೈ 21ನೆಯ ದಿನ ರೈತರು ಕೂಡಿ ಹುತಾತ್ಮರ ಸ್ಮಾರಕಕ್ಕೆ ಮಾಲೆಯನ್ನರ್ಪಿಸುವರು. 1980ರಲ್ಲಿ ಅದೇ ದಿನ, ಮಲಪ್ರಭೆಯ ಕಾಲುವೆಯ ಹೆಸರಿನಲ್ಲಿ ಹೇರಿದ ಕರವನ್ನು ಕೊಡಲಾರೆವೆಂದು ಒಕ್ಕಲುಮಕ್ಕಳು ಸಾವಿರ ಸಾವಿರವಾಗಿ ನೆರೆದಿದ್ದರು. ಗೋಳೀಬಾರಾಯಿತು. ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿಯವರೂ ನರಗುಂದದಲ್ಲಿ ಈರಪ್ಪ ಕಡ್ಲಿಕೊಪ್ಪ ಅವರೂ ಮಡಿದರು. ನರಗುಂದದಲ್ಲಿ ಜನರ ಕೋಪಕ್ಕೆ ಪೋಲೀಸರೂ ಬಲಿಯಾದರು. ಶೌರ್ಯಕ್ಕೆ ಅಂದು ಕೊರತೆಯಿರಲಿಲ್ಲ. ಆದರೆ ನೆರೆದ ಜನರು ಆಪತ್ಕಾಲದಲ್ಲಿ ಶೌರ್ಯವನ್ನೂ ಶಾಂತಿಯನ್ನೂ ಒಟ್ಟಿಗೆ ಕಾಯ್ದುಕೊಳ್ಳಬಲ್ಲರೇ ಎಂಬ ಪ್ರಶ್ನೆಯು ಆ ಸ್ಮಾರಕದ ಮುಂದೆ ನಿಂತಾಗಲೆಲ್ಲ ನನ್ನ ಮನಸ್ಸಿಗೆ ಬರುವದು.

ಸಂಸ್ಕೃತದಲ್ಲಿ ಶೌರ್ಯವೆಂಬದು ಬೇರೆ, ಧೃತಿಯೆಂಬದು ಬೇರೆ. ಧೃತಿಯ ಮೂಲಧಾತುವಿಗೆ ಹಿಡಿದಿಡುವದೆಂದು ಅರ್ಥ. ಶೂರನು ಮುಂದಕ್ಕೆ ನುಗ್ಗುವನು. ಧೃತಿವಂತನು ತನ್ನನ್ನು ತಾನೇ ಹಿಡಿದು ನಿಲ್ಲುವನು. ಒಬ್ಬನಿಗೇ ಕಷ್ಟವಾದ ಈ ಗುಣವು ಸಹಸ್ರ ಜನರಿಗೆ ಏಕಕಾಲಕ್ಕೆ ಸಾಧ್ಯವೇ? ಸಾಧ್ಯವೆಂಬದಕ್ಕೆ ಹಳೆಯ ಮೈಸೂರು ಸಂಸ್ಥಾನದ ಒಂದು ಪ್ರಸಂಗವು ಸಾಕ್ಷಿಯಾಗಿದೆ.

1938ರ ಏಪ್ರಿಲ್ 9ರಿಂದ 11ರ ವರೆಗೆ ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಪ್ರಥಮ ಅಧಿವೇಶನವು ಕೂಡಿತು. ತ್ರಿವರ್ಣಧ್ವಜವನ್ನು ಏರಿಸಕೂಡದೆಂದು ಸರಕಾರದ ನಿಷೇಧಾಜ್ಞೆಯಿತ್ತು. ಅಧ್ಯಕ್ಷರಾದ ಟಿ. ಸಿದ್ಧಲಿಂಗಯ್ಯನವರು ಆಜ್ಞೆಯನ್ನು ಮೀರಿ ಬಂಧಿತರಾದರು. ಅವರ ಹಿಂದೆ ಬೇರೆ ಮುಂದಾಳುಗಳೂ ಸೆರೆಯಾದರು. ಸಹಸ್ರಾರು ಜನರು ಇದನ್ನು ಕಣ್ಣಾರೆ ಕಂಡರೂ ದಂಗೆಯೇಳಲಿಲ್ಲ, ಚದುರಿ ಓಡಲೂ ಇಲ್ಲ. ಅಲ್ಲಿ ಗುಂಡು ಹಾರಲಿಲ್ಲ. ಕಾರಣವನ್ನು ಊಹಿಸುವದು ಕಠಿಣವಲ್ಲ. ಒಬ್ಬರು ಸೆರೆಯಾದರೆ ಮತ್ತೊಬ್ಬರು ಮುಂದೆ ಬರುವದು ಸತ್ಯಾಗ್ರಹದ ಕ್ರಮ. ಮುಂದೇನೆಂಬದು ಜನರಿಗೆ ತಿಳಿದಿದ್ದರೆ ಭಯಕ್ಕೂ ಕ್ರೋಧಕ್ಕೂ ಎಡೆ ಕಡಿಮೆ.

ಆದರೆ ಎರಡೇ ವಾರಗಳಲ್ಲಿ ಇನ್ನೊಂದು ಪಾಠವಾಯಿತು. ಏಪ್ರಿಲ್ 25ರಂದು ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥದಲ್ಲಿ ಅದೇ ಧ್ವಜಕ್ಕಾಗಿ ಜನರು ನೆರೆದರು. ಚದುರಿರೆಂದು ಪೋಲೀಸರು ಆಜ್ಞಾಪಿಸಿದರು, ಜನರು ಕದಲಲಿಲ್ಲ, ಗುಂಡುಗಳು ಹಾರಿದವು. ಸರಕಾರದ ಲೆಕ್ಕದಲ್ಲಿ ಸತ್ತವರು 10 ಜನ. ಜನರ ಲೆಕ್ಕದಲ್ಲಿ 32. ಶಿವಪುರದ ಜನರೂ ವಿದುರಾಶ್ವತ್ಥದ ಜನರೂ ನಿರಾಯುಧರೇ. ಭೇದವಿದ್ದದ್ದು ಬಂದೂಕವನ್ನು ಹಿಡಿದ ಕೈಯಲ್ಲಿ. ಆದುದರಿಂದ ಶಾಂತಿಯ ಹೊಣೆಯನ್ನೆಲ್ಲ ನೆರೆದ ಜನರ ಮೇಲೆಯೇ ಹೊರಿಸುವದು ನ್ಯಾಯವಲ್ಲ. ಆಯುಧವಿದ್ದವನಿಗೆ ಧೃತಿಯು ಇಮ್ಮಡಿಯಾಗಿ ಬೇಕು.

ಇಷ್ಟಾದರೂ ಮಾತಿನ ದಾರಿಯು ಮುಚ್ಚಲಿಲ್ಲ. ಸರದಾರ ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರಿಗೆ ಬಂದು ದಿವಾನ ಸರ್ ಮಿರ್ಜಾ ಇಸ್ಮಾಯಿಲರೊಡನೆ ಸಂಧಾನ ನಡೆಸಿದರು. ಮೇ ತಿಂಗಳಲ್ಲಿಯೇ ಒಪ್ಪಂದವಾಗಿ, ಸಂಸ್ಥಾನದ ಧ್ವಜದೊಡನೆ ತ್ರಿವರ್ಣಧ್ವಜವೂ ಹಾರಲು ಅವಕಾಶವಾಯಿತು. ಕೋಪದ ಬಿರುಸಿನಿಂದ ಆಗದ ಕೆಲಸವು ನಿಂತ ಕಾಲುಗಳಿಂದ ಆಯಿತು.

ನವಲಗುಂದದ ಸ್ಮಾರಕಕ್ಕೆ ಮಕ್ಕಳನ್ನು ಕರೆದೊಯ್ಯುವ ಹಿರಿಯರು ಮಡಿದ ರೈತರ ಶೌರ್ಯವನ್ನು ಹೇಳುವರು; ಅದು ಯೋಗ್ಯವೇ. ಅದರೊಡನೆ ಸತ್ತ ಪೋಲೀಸರಿಗೂ ಮನೆಮಕ್ಕಳಿದ್ದರೆಂಬದನ್ನು ಹೇಳಲಿ. ಶಿವಪುರದ ಕಥೆಯನ್ನೂ ಹೇಳಲಿ. ಜನಸ್ತೋಮದ ಧೃತಿಯು ಆ ಗಳಿಗೆಯಲ್ಲಿ ಹುಟ್ಟುವದಲ್ಲ. ಅದನ್ನು ಮನೆಯಲ್ಲಿಯೂ ಶಾಲೆಯಲ್ಲಿಯೂ ಮುಂಚಿತವಾಗಿಯೇ ಬಿತ್ತಬೇಕಾಗುವದು.