ಸೊನೋರಾ ಮರುಭೂಮಿಯ ಗಿಡುಗ ಮತ್ತು ಒಂದು ಮೊಟ್ಟೆಯ ಸಾಕ್ಷ್ಯ

ಅಪೂರ್ವವಾದ ಪಕ್ಷಿಯೊಂದು ಕಣ್ಣಿಗೆ ಬಿದ್ದಿತೆಂದು ಹೇಳುವುದು ಸುಲಭ. ಅದನ್ನು ಸಿದ್ಧಪಡಿಸಿ ತೋರಿಸುವುದು ಕಷ್ಟ. ಕಂಡವನ ಮಾತಿಗೆ ವಸ್ತುವಿನ ಆಧಾರವೂ ಕೂಡಿದಾಗ ಮಾತ್ರ ಅದು ದಾಖಲೆಯೆನಿಸುತ್ತದೆ. ಶಾಸನವನ್ನು ಪರಿಶೀಲಿಸುವ ಇತಿಹಾಸಕಾರನಿಗೂ ಪಕ್ಷಿಯನ್ನು ಗುರುತಿಸುವ ಶಾಸ್ತ್ರಜ್ಞನಿಗೂ ಈ ನಿಯಮವು ಒಂದೇ. ಅಮೆರಿಕದ ಅರಿಜೋನಾ ಪ್ರಾಂತದಲ್ಲಿ 1872ರಲ್ಲಿ ನಡೆದ ಒಂದು ಪ್ರಸಂಗವು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಬಾಲದ ಮೇಲೆ ಬಿಳಿಯ ಪಟ್ಟೆಗಳುಳ್ಳ ಕರಿಯ ಗಿಡುಗವೊಂದು ಆ ಸೀಮೆಯಲ್ಲಿದೆ. ಜರ್ಮನ್ ವಿದ್ವಾಂಸನಾದ ಕೌಪ್ 1847ರಲ್ಲಿ ಇದಕ್ಕೆ ‘ಬ್ಯೂಟಿಯೊ ಆಲ್ಬೊನೊಟಾಟಸ್’ ಎಂಬ ಶಾಸ್ತ್ರೀಯ ನಾಮವನ್ನಿತ್ತನು. ಇದನ್ನು ಗುರುತಿಸುವುದು ಸುಲಭವಲ್ಲ. ಆ ಮರುಭೂಮಿಯ ಆಕಾಶದಲ್ಲಿ ನಿತ್ಯವೂ ಕಾಣುವ ಟರ್ಕಿ ರಣಹದ್ದಿನಂತೆಯೇ ಇದೂ ರೆಕ್ಕೆಗಳನ್ನು ತುಸು ಮೇಲೆತ್ತಿ, ಅತ್ತಿತ್ತ ಓಲಾಡುತ್ತ ತೇಲುತ್ತದೆ. ಎರಡಕ್ಕೂ ರೆಕ್ಕೆಯ ಮುಂಭಾಗವು ಕಪ್ಪು, ಹಿಂಭಾಗವು ಮಾಸಲು. ಗರಿ ತುಂಬಿದ ತಲೆ, ಹಳದಿಯ ಕಾಲುಗಳು, ರೆಕ್ಕೆಗರಿಗಳ ಮೇಲಣ ಅಡ್ಡಗೆರೆಗಳು, ಬಾಲದ ಪಟ್ಟೆಗಳು ಇವೇ ಭೇದಕ ಲಕ್ಷಣಗಳು. ದೂರದಿಂದ ಇವು ತೋರುವುದಿಲ್ಲ. ಈ ಸಾದೃಶ್ಯದಿಂದ ಗಿಡುಗಕ್ಕೆ ಪ್ರಯೋಜನವೂ ಉಂಟೆಂದು ಎಡ್ವಿನ್ ವಿಲ್ಲಿಸ್ 1963ರಲ್ಲಿ ವಾದಿಸಿದನು. ರಣಹದ್ದು ಜೀವಂತ ಪ್ರಾಣಿಗಳನ್ನು ಬೇಟೆಯಾಡುವುದು ವಿರಳವಾದುದರಿಂದ ಸಣ್ಣ ಪ್ರಾಣಿಗಳು ಅದಕ್ಕೆ ಹೆದರುವುದಿಲ್ಲ. ಆ ವೇಷದಲ್ಲಿ ಬರುವ ಗಿಡುಗಕ್ಕೆ ಬೇಟೆಯು ಸುಲಭವಾಗುತ್ತದೆ ಎಂಬುದು ಆತನ ಅಭಿಪ್ರಾಯ.

ಇಂತಹ ಪಕ್ಷಿಯ ಗೂಡನ್ನು ಟೂಸಾನ್ ಪಟ್ಟಣದ ಸಮೀಪದ ರಿಲ್ಲಿಟೊ ಹಳ್ಳದ ದಡದಲ್ಲಿ ಕಂಡವನು ಚಾರ್ಲ್ಸ್ ಬೆಂಡೈರ್. ಜರ್ಮನಿಯಲ್ಲಿ 1836ರಲ್ಲಿ ಜನಿಸಿದ ಈತನು ಅಮೆರಿಕದ ಸೈನ್ಯದಲ್ಲಿ ಅಧಿಕಾರಿಯಾಗಿದ್ದನು. ಮೊಟ್ಟೆಯನ್ನು ತೆಗೆಯಲು ಮರವನ್ನೇರಿದಾಗ, ಕೆಳಗಿನಿಂದ ಕಾಣದಿದ್ದುದು ಮೇಲಿನಿಂದ ಕಂಡಿತು: ಸಮೀಪದ ಕಮರಿಯಲ್ಲಿ ಅಪಾಚೆ ಜನರು ಕೆಲವರು ಹೊಂಚುಹಾಕಿ ಕುಳಿತಿದ್ದರು. ಬೆಂಡೈರನು ಏನನ್ನೂ ಕಾಣದವನಂತೆ ನಟಿಸಿ, ಮೊಟ್ಟೆಯನ್ನು ಬಾಯಲ್ಲಿಟ್ಟುಕೊಂಡು ಇಳಿದು, ಕುದುರೆಯನ್ನೇರಿ ಸುಮಾರು ಐದು ಮೈಲಿ ದೂರದ ಶಿಬಿರವನ್ನು ಸೇರಿದನು. ಅಲ್ಲಿ ಮೊಟ್ಟೆಯನ್ನು ಒಡೆಯದಂತೆ ಬಾಯಿಂದ ಹೊರತೆಗೆಯುವುದೇ ಪ್ರಯಾಸವಾಯಿತಂತೆ. ಆ ದೇಶದಲ್ಲಿ ಈ ಗಿಡುಗವು ಗೂಡುಕಟ್ಟಿದುದರ ಅತ್ಯಂತ ಮೊದಲಿನ ದಾಖಲೆಗಳಲ್ಲಿ ಇದೂ ಒಂದು.

ಬೆಂಡೈರನ ಸೂಕ್ಷ್ಮದೃಷ್ಟಿಗೆ ಅದೇ ವರ್ಷದ ಇನ್ನೊಂದು ಸಂಗತಿಯೂ ಸಾಕ್ಷಿಯಾಗಿದೆ. ಅವನು ಕಳುಹಿಸಿದ ಥ್ರ್ಯಾಷರ್ ಜಾತಿಯ ಹಕ್ಕಿಯನ್ನು ನೋಡಿ ರಾಬರ್ಟ್ ರಿಡ್ಜ್‌ವೇ ಅದು ಪರಿಚಿತ ಜಾತಿಯೊಂದರ ಹೆಣ್ಣೇ ಎಂದನು. ನಡೆನುಡಿಯಲ್ಲಿಯೂ ಮೊಟ್ಟೆಯಲ್ಲಿಯೂ ಅದು ಬೇರೆಯೆಂದು ಬೆಂಡೈರನು ಉತ್ತರವಿತ್ತನು. ಎಲಿಯಟ್ ಕೂವ್ಸ್ ಅದನ್ನೊಪ್ಪಿ, 1873ರಲ್ಲಿ ಹೊಸ ಜಾತಿಗೆ ಬೆಂಡೈರನ ಹೆಸರನ್ನೇ ಇಟ್ಟನು.

ಆದರೂ ಗಿಡುಗದ ಕಥೆಯಲ್ಲಿ ಎರಡು ಬಗೆಯ ಸಾಕ್ಷ್ಯಗಳನ್ನು ಬೇರ್ಪಡಿಸಬೇಕು. ಮೊಟ್ಟೆಯು ವಸ್ತುಸಾಕ್ಷ್ಯ, ಯಾರೂ ಮರಳಿ ಪರೀಕ್ಷಿಸಬಹುದಾದುದು. ಮರದ ಮೇಲಿನ ಪ್ರಸಂಗವಾದರೋ ಒಬ್ಬನೇ ಹೇಳಿದ ಮಾತು; ಉತ್ತರ ಅಮೆರಿಕದ ಪಕ್ಷಿಗಳ ಜೀವನಚರಿತ್ರೆಯನ್ನು ಕುರಿತು ಬೆಂಡೈರನು ಬರೆದ ಗ್ರಂಥವು 1892ರಲ್ಲಿ, ಅಂದರೆ ಇಪ್ಪತ್ತು ವರ್ಷಗಳ ಅನಂತರ, ಪ್ರಕಟವಾಯಿತು. ಅಲ್ಲಿ ಅಪಾಚೆ ಜನರು ಅಪಾಯದ ರೂಪದಲ್ಲಿ ಮಾತ್ರ ಬರುತ್ತಾರೆ. ಅವರು ಅಲ್ಲಿ ಏಕೆ ಕುಳಿತಿದ್ದರೆಂಬುದನ್ನು ಅವರ ಬಾಯಿಂದ ಕೇಳಿದವರಿಲ್ಲ. ಹಿಂದಿನ ವರ್ಷ, 1871ರ ಏಪ್ರಿಲ್ 30ರಂದು, ಕ್ಯಾಂಪ್ ಗ್ರಾಂಟ್ ಬಳಿ ಸೈನ್ಯದ ಆಶ್ರಯದಲ್ಲಿದ್ದ ನೂರಕ್ಕೂ ಹೆಚ್ಚು ಅಪಾಚೆಗಳನ್ನು, ಬಹುಮಟ್ಟಿಗೆ ಹೆಂಗಸರು ಮಕ್ಕಳನ್ನು, ಟೂಸಾನಿನಿಂದ ಹೊರಟ ಗುಂಪೊಂದು ಕೊಂದಿತ್ತು. ಚಿರಿಕಾಹುವಾ ಅಪಾಚೆಗಳ ನಾಯಕನಾದ ಕೊಚೀಸನೊಡನೆ ಜನರಲ್ ಹೋವರ್ಡ್ ಸಂಧಿ ಮಾಡಿಕೊಂಡುದು 1872ರ ಅಕ್ಟೋಬರಿನಲ್ಲಿ. ಈ ಹಿನ್ನೆಲೆಯನ್ನು ಬಿಟ್ಟರೆ ಪ್ರಸಂಗವು ಬರಿಯ ಸಾಹಸಕಥೆಯಾಗಿ ಉಳಿಯುತ್ತದೆ.

ಇಂದು ಬೇಟೆಯ ಕೋವಿಯ ಸ್ಥಾನದಲ್ಲಿ ಛಾಯಾಚಿತ್ರವು ಬಂದಿದೆ. ಗೂಡಿನಿಂದ ಮೊಟ್ಟೆ ತೆಗೆಯುವುದು ಹವ್ಯಾಸವಾಗಿ ಉಳಿದಿಲ್ಲ. ಆದರೆ ಪರೀಕ್ಷೆಯ ಕ್ರಮವು ಬದಲಾಗಿಲ್ಲ. ಆಕಾಶದಲ್ಲಿ ತೇಲುವ ಪ್ರತಿಯೊಂದು ರಣಹದ್ದನ್ನೂ ಎರಡನೆಯ ಬಾರಿ ನೋಡಬೇಕು. ಹಾಗೆಯೇ ಪ್ರತಿಯೊಂದು ದಾಖಲೆಯಲ್ಲಿಯೂ ಏನು ಬರೆದಿದೆಯೆಂಬುದರೊಡನೆ ಯಾರ ಮಾತು ಬಿಟ್ಟುಹೋಗಿದೆಯೆಂಬುದನ್ನೂ ವಿಚಾರಿಸಬೇಕು.